ಮೀನಿನ ಮನೆಗೂ ಹೆಪ್ಪು ಬೇಕು

ನಮ್ಮ ಹೆಂಗಸರ ದೊಡ್ಡದೊಂದು ಗುಣವನ್ನೇ ಇಲ್ಲಿ ಬಯ್ಯಲು ಹೊರಟಿದ್ದೇನೆ. ಓದುವವರು ಬೇಸರ ಮಾಡಿಕೊಳ್ಳಬಾರದು. ಅದು ತೊಳೆಯುವ ಗುಣ. ನಾಲ್ಕು ತಿಂಗಳು ಮಳೆ ಹೊಯ್ಯುವ ನಮ್ಮ ಕರಾವಳಿಯಲ್ಲಿ ತೊಳೆಯದೆ ಬದುಕಿಲ್ಲ ಎನ್ನುವುದೇನೋ ನಿಜ. ಜೂನ್ ಬಂತೆಂದರೆ ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ಪೆಟ್ಟಿಗೆಯಲ್ಲಿಟ್ಟ ಮದುವೆಯ ಸೀರೆಯ ಮಡಿಕೆಗೂ ಬೂಸ್ಟು. ತಿಕ್ಕಿ, ಉಜ್ಜಿ, ಬಿಸಿಲು ಕಂಡ ಒಂದು ಗಳಿಗೆಯಲ್ಲಿ ಅಂಗಳಕ್ಕೆ ಹರವಿ ನಾವು ಮನೆ ಕಾಯುತ್ತೇವೆ. ಇನ್ನೊಬ್ಬರ ಮನೆಗೆ ಹೋದರೆ ಕಣ್ಣು ಮೊದಲು ಹೋಗುವುದು ಅವರ ಬಚ್ಚಲಿನ ಕಡೆಗೆ. ನಾನೂ ಅಂಥವಳೇ. ಈ ಗುಣದಿಂದಲೇ ನಾನು ಒಂದೇ ಮಳೆಗಾಲದಲ್ಲಿ ಹದಿನಾಲ್ಕು ಮೀನುಗಳನ್ನು ಕೊಂದೆ.

ಮೀನು ಕೊಲ್ಲುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ದಿನ ಬೆಳಗಾದರೆ ಬಂಗಡೆ, ತಾರ್ಲೆ ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುವ ಊರು ನಮ್ಮದು. ನಾನು ಹೇಳುತ್ತಿರುವುದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಮೀನಿನ ಮಾತು. ಆಗ ನಾನು ಭಟ್ಕಳದ ಒಂದು ಶಾಲೆಯಲ್ಲಿದ್ದೆ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಜಗಲಿಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆಯೊಂದನ್ನು ಕೊಟ್ಟರು. ಸುಮಾರು 54 ಲೀಟರ್ ನೀರು ಹಿಡಿಯುತ್ತಿತ್ತು. ಶಾಲೆಯಲ್ಲಿ ಅತಿ ಚೊಕ್ಕದ ಅಕ್ಕೋರು ಎಂಬ ಹೆಸರು ನನಗಿದ್ದುದರಿಂದ ಅದರ ಉಸ್ತುವಾರಿಯೂ ನನಗೇ ಬಂತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನಾನು ಮತ್ತು ನಾಲ್ಕು ಹುಡುಗಿಯರು ಮೀನುಗಳನ್ನು ಬಕೆಟ್ಟಿಗೆ ಹಾಕಿ, ಪೆಟ್ಟಿಗೆಯ ನೀರನ್ನೆಲ್ಲ ಚೆಲ್ಲಿ, ತಳದ ಕಲ್ಲುಗಳನ್ನು ಸೋಪಿನ ಪುಡಿ ಹಾಕಿ ತಿಕ್ಕುತ್ತಿದ್ದೆವು. ಫಿಲ್ಟರಿನೊಳಗಿನ ಸ್ಪಂಜನ್ನು ನಲ್ಲಿಯಡಿ ಹಿಡಿದು ಕಂದು ನೀರು ಹೋಗಿ ತಿಳಿನೀರು ಬರುವ ತನಕ ಹಿಂಡುತ್ತಿದ್ದೆವು. ಮುಗಿದ ಮೇಲೆ ನೋಡಬೇಕು, ಕನ್ನಡಿಯಂಥ ಪೆಟ್ಟಿಗೆ! ಸೋಮವಾರ ಬಂದು ನೋಡಿದರೆ ಒಂದು ಮೀನು ಮಗ್ಗುಲಾಗಿ ತೇಲುತ್ತಿರುತ್ತಿತ್ತು.

ಜೂನಿನಿಂದ ದಸರಾ ರಜೆಯವರೆಗೆ ಹೀಗೆ ಹದಿನಾಲ್ಕು ಹೋದವು. ಏಳನೆಯ ತರಗತಿಯ ಒಬ್ಬ ಹುಡುಗಿ, ಪಾಪ, ಹಬ್ಬಕ್ಕೆ ಯಾರೋ ಕೊಟ್ಟ ಇಪ್ಪತ್ತು ರೂಪಾಯಿಯನ್ನು ಮಡಿಚಿ ತಂದು ಹೊಸ ಮೀನಿಗೆಂದು ನನ್ನ ಕೈಗಿಟ್ಟಳು. "ಅಕ್ಕೋರೇ, ನಾವು ಇಷ್ಟು ಚೊಕ್ಕ ಇಟ್ರೂ ಇವು ಎಂತಕ್ಕೆ ಸಾಯ್ತವೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. "ಅವುಗಳ ಆಯುಷ್ಯವೇ ಅಷ್ಟು ಮಗಾ," ಎಂದೆ. ಅದು ಸುಳ್ಳು. ಸರಿಯಾಗಿ ಸಾಕಿದರೆ ಚಿನ್ನದ ಮೀನು ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಬೋರ್ಡಿನ ಮೇಲೆ ತಪ್ಪು ಬರೆದರೆ ಡಸ್ಟರಿನಿಂದ ಒರೆಸಬಹುದು. ಅಕ್ಕೋರು ಹೇಳಿದರೆಂದು ಮಗು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಒರೆಸುವುದು ಹೇಗೆ?

ಅಂಗಡಿಯವನನ್ನು ಕೇಳಿದೆ. "ನಿಮ್ಮ ಮೀಡಿಯಾ ಸರಿ ಇಲ್ಲ ಮೇಡಂ," ಎಂದ. ಮೀಡಿಯಾ ಅಂದರೆ ಫಿಲ್ಟರಿನೊಳಗೆ ತುಂಬುವ ಸಾಮಾನು. ಶಾಲೆಯ ಭಾಷೆಯಲ್ಲಿ ಹೇಳಿದರೆ ಮಾಧ್ಯಮ. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಜಗಳ ಶಾಲೆಯೊಳಗೆ ಸಾಲದೆಂದು ಜಗಲಿಯ ಮೀನಿನ ಪೆಟ್ಟಿಗೆಗೂ ಬಂತು ಎಂದುಕೊಂಡೆ. ಪಿಂಗಾಣಿಯ ಬಿಳಿ ಬಳೆಗಳಂಥ ಚೂರುಗಳ ಒಂದು ಡಬ್ಬಿ ಕೊಟ್ಟ. ಹೊರದೇಶದ್ದಂತೆ. ಅದರ ಬೆಲೆಗೆ ನಮ್ಮ ಮನೆಗೆ ಹದಿನೈದು ದಿನದ ತರಕಾರಿ ಬರುತ್ತಿತ್ತು. ತಂದೆವು, ತುಂಬಿದೆವು, ಇಷ್ಟು ದುಬಾರಿಯದು ಮಾಸಬಾರದೆಂದು ಮೊದಲಿಗಿಂತ ಹೆಚ್ಚು ಮುತುವರ್ಜಿಯಿಂದ ತಿಕ್ಕಿ ತೊಳೆದೆವು. ಮೀನುಗಳು ಮೊದಲಿನಂತೆಯೇ ಸತ್ತವು. ದುಬಾರಿ ಮಾಧ್ಯಮಕ್ಕೆ ದುಡ್ಡು ಸುರಿದ ಮಾತ್ರಕ್ಕೆ ಮಗುವಿಗೆ ವಿದ್ಯೆ ಹತ್ತುವುದಿಲ್ಲ ಎಂದು ಪಾಲಕರ ಸಭೆಯಲ್ಲಿ ಭಾಷಣ ಮಾಡುತ್ತಿದ್ದವಳು ನಾನು!

ನನ್ನ ಕಣ್ಣು ತೆರೆಸಿದವರು ನಮ್ಮ ವಿಜ್ಞಾನದ ಮಾಸ್ತರರು. ನಾನು ಬಿ.ಎ., ಬಿ.ಎಡ್.ನವಳು, ಕನ್ನಡ, ಸಮಾಜ ನನ್ನ ವಿಷಯ. ಭಟ್ಕಳದಿಂದ ಹೊನ್ನಾವರಕ್ಕೆ ಸಂಜೆ ಬಸ್ಸಿನಲ್ಲಿ ಮರಳುವಾಗ ನನ್ನ ಮೀನಿನ ಗೋಳನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಅಕ್ಕೋರೇ, ಮೊಸರಿಗೆ ಇಟ್ಟ ಹೆಪ್ಪನ್ನೂ ನೀವು ಸೋಪು ಹಾಕಿ ತೊಳೀತ್ರಾ?"

ಬಸ್ಸು ಮುರ್ಡೇಶ್ವರ ದಾಟಿ ಹೊನ್ನಾವರ ಸೇರುವುದರೊಳಗೆ ಅವರು ಹೇಳಿದ್ದರ ಸಾರ ಇಷ್ಟು. ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾ ಎಂಬ ವಿಷವನ್ನು ಹೊರಗೆ ಬಿಡುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ಪೆಟ್ಟಿಗೆಯಲ್ಲಿ ಅಲ್ಲೇ ಉಳಿದು ಕಿವಿರನ್ನು ಸುಡುತ್ತದೆ. ನೀರು ಮಾತ್ರ ನೋಡಲು ತಿಳಿಯಾಗಿಯೇ ಇರುತ್ತದೆ. ಈ ಅಮೋನಿಯಾವನ್ನು ತಿಂದು ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿಗಳಿವೆ. ಅವು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದರ ವಿಷ ಬಹಳ ಕಡಿಮೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹೋಗುತ್ತದೆ, ನೀರಗಿಡಗಳಿದ್ದರೆ ಅವು ಗೊಬ್ಬರವಾಗಿ ಹೀರುತ್ತವೆ.

ಈ ಜೀವಿಗಳ ಕೆಲಸವನ್ನು ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೇ ತೋರಿಸಿಕೊಟ್ಟಿದ್ದರು. ಅಕ್ವೇರಿಯಮ್ಮಿನಲ್ಲಿ ಎರಡನೆಯ ಮೆಟ್ಟಿಲಿನ ಕೆಲಸ ಮಾಡುವುದು ನೈಟ್ರೊಸ್ಪೈರಾ ಎಂಬ ಗುಂಪು ಎಂದು ಗೊತ್ತಾದದ್ದು 1998ರಲ್ಲಿ. 2015ರಲ್ಲಂತೂ ಎರಡೂ ಮೆಟ್ಟಿಲುಗಳನ್ನು ಒಂದೇ ಜೀವಿ ಹತ್ತಬಲ್ಲದು ಎಂಬುದು ಪತ್ತೆಯಾಯಿತು. ಅಂಥದೊಂದು ಜೀವಿ ಡಚ್ ಸಂಶೋಧಕರಿಗೆ ಸಿಕ್ಕಿದ್ದು ಮೀನು ಸಾಕಣೆಯ ಒಂದು ಫಿಲ್ಟರಿನಲ್ಲಿ. ನಾವು ಪ್ರತಿ ಶನಿವಾರ ನಲ್ಲಿಯಡಿ ಹಿಂಡಿ ಚರಂಡಿಗೆ ಬಿಡುತ್ತಿದ್ದ ಕಂದು ಲೋಳೆ ಇಂಥ ಜೀವಿಗಳ ಬಿಡಾರವೇ. ಅವು ತೇಲುವ ನೀರಿನಲ್ಲಿ ಹೆಚ್ಚಾಗಿ ಇರುವುದಿಲ್ಲ. ಕಲ್ಲು, ಸ್ಪಂಜು, ಗಾಜು ಹೀಗೆ ಏನಾದರೊಂದಕ್ಕೆ ಅಂಟಿಕೊಂಡಿರುತ್ತವೆ. ನಲ್ಲಿಯ ನೀರಿನಲ್ಲಿದ್ದ ಬ್ಲೀಚಿಂಗ್ ಪುಡಿ, ಮೇಲೆ ನಮ್ಮ ಸೋಪು, ಅದರ ಮೇಲೆ ನಮ್ಮ ತಿಕ್ಕಾಟ. ವಾರವಾರವೂ ಊರಿಗೆ ಊರನ್ನೇ ನಿರ್ನಾಮ ಮಾಡಿ, ಸೋಮವಾರ ಬಂದು ಮೀನು ಏಕೆ ಸತ್ತಿತೆಂದು ಕೇಳುತ್ತಿದ್ದೆವು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಮೊದಲ ಜಗಳ ಅಂಗಡಿಯವನ ಜೊತೆ. ಫಿಲ್ಟರಿಗೆ ಮೂರು ಕೆಲಸಗಳಿವೆ: ಕಸ ಸೋಸುವುದು, ಬಣ್ಣ ವಾಸನೆ ಹೀರುವುದು, ವಿಷವನ್ನು ಜೀರ್ಣಿಸುವುದು. ಬಿಳಿ ಅರಳೆ ಸೋಸುತ್ತದೆ, ಇದ್ದಿಲು ಹೀರುತ್ತದೆ, ಜೀರ್ಣಿಸುವುದು ಜೀವ ಮಾತ್ರ. ಅಂಗಡಿಯವನು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ತಿಂಗಳಿಗೊಮ್ಮೆ ಎಲ್ಲ ಬದಲಿಸಿ ಎನ್ನುತ್ತಾನೆ. ಅರಳೆ ಬದಲಿಸಬೇಕು, ಸರಿ. ಇದ್ದಿಲಿನ ಹೀರುವ ಶಕ್ತಿ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಅದನ್ನೂ ಒಪ್ಪೋಣ. ಆದರೆ ಜೀವದ ಮನೆಯನ್ನು ತಿಂಗಳಿಗೊಮ್ಮೆ ಕಿತ್ತೆಸೆದು ಹೊಸದು ತನ್ನಿ ಎನ್ನುವುದು ವ್ಯಾಪಾರದ ಮಾತು. ಮೊಸರಿನ ಗಡಿಗೆ ಮಾರುವವನು ಮೊಸರನ್ನೇ ಮಾರಿದೆನೆಂದು ಹೇಳಿದರೆ ನಾವು ನಂಬುತ್ತೇವೆಯೇ? ಗಡಿಗೆ ಮಣ್ಣಿನದಾಗಲಿ, ಸ್ಟೀಲಿನದಾಗಲಿ, ಹೆಪ್ಪು ಬಿದ್ದರೆ ತಾನೇ ಮೊಸರು?

ಹಾಗಾದರೆ ಎಂಥ ಗಡಿಗೆ ಬೇಕು? ಮೂರು ಲಕ್ಷಣ ಸಾಕು. ಅಂಟಿಕೊಳ್ಳಲು ಜಾಗ ಬೇಕು, ನಡುವೆ ನೀರು ಆಡಬೇಕು, ತಾನು ಕೊಳೆಯಬಾರದು. ಜಾಗದ ಲೆಕ್ಕ ಏಳನೆಯ ತರಗತಿಯ ಲೆಕ್ಕ. ಹತ್ತು ಸೆಂಟಿಮೀಟರಿನ ಒಂದು ಘನಕ್ಕೆ 600 ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದು ಸೆಂಟಿಮೀಟರಿನ ಸಾವಿರ ಚೂರು ಮಾಡಿದರೆ 6000, ಅಂದರೆ ಹತ್ತು ಪಾಲು. ಹಾಗೆಂದು ರವೆಯ ಹಾಗೆ ಪುಡಿ ಮಾಡಿದರೆ ಕಸ ಕಟ್ಟಿ ನೀರು ಆಡುವುದಿಲ್ಲ. ಈ ಜೀವಿಗಳಿಗೆ ಆಮ್ಲಜನಕ ಬೇಕು, ಉಸಿರುಗಟ್ಟಿ ಸಾಯುತ್ತವೆ. ಡಬ್ಬಿಯ ಮೇಲೆ ಫುಟ್‌ಬಾಲ್ ಮೈದಾನದಷ್ಟು ಜಾಗವಿದೆ ಎಂದು ಬರೆದ ಪಿಂಗಾಣಿ ಚೂರುಗಳ ಗುಟ್ಟೂ ಅಷ್ಟೇ. ಅತಿ ಸಣ್ಣ ರಂಧ್ರಗಳೊಳಗೆ ನೀರು ಸರಿಯಾಗಿ ಹೋಗದು, ಹೋಗುವ ಬಾಯಿಯೂ ಲೋಳೆಯಿಂದ ಮುಚ್ಚುತ್ತದೆ. ಆ ಚೂರುಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಆದರೆ ಈ ಜೀವಿಗಳ ಸಂಸಾರ ಬೆಳೆಯುವುದು ಸಿಗುವ ಅನ್ನದ ಮಿತಿಯಲ್ಲಿ. ಆರು ಸಣ್ಣ ಮೀನಿನ ಅಮೋನಿಯಾ ಎಷ್ಟೋ ಅಷ್ಟೇ ಜೀವಿಗಳು. ಉಳಿದ ಜಾಗ ಖಾಲಿ ಮನೆ. ನಾಲ್ಕು ಜನರ ಸಂಸಾರಕ್ಕೆ ಕಲ್ಯಾಣಮಂಟಪ ಬಾಡಿಗೆ ಹಿಡಿದಂತೆ.

ನನ್ನ ಅನುಭವದಲ್ಲಿ ಮನೆಯ ಪೆಟ್ಟಿಗೆಗೆ ಸಾದಾ ಒರಟು ಸ್ಪಂಜಿನ ಫಿಲ್ಟರಿಗಿಂತ ಒಳ್ಳೆಯದು ಬೇರೆ ಇಲ್ಲ. ಗಾಳಿಯ ಪಂಪಿನ ಗುಳ್ಳೆಗಳು ಮೇಲೇಳುವಾಗ ನೀರು ಸ್ಪಂಜಿನ ಮೂಲಕ ಬರುತ್ತದೆ; ಸೋಸಿಯೂ ಆಯಿತು, ಜೀರ್ಣಿಸಿಯೂ ಆಯಿತು. ಪೆಟ್ಟಿಗೆಯಂಥ ಫಿಲ್ಟರಿದ್ದರೆ ಒಡೆದ ಮಂಗಳೂರು ಹೆಂಚನ್ನು ಅಡಿಕೆ ಗಾತ್ರಕ್ಕೆ ಕುಟ್ಟಿ ತುಂಬಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಂದಿನಿಂದ ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಒಡೆದ ಹೆಂಚಿಗೆ ಬರವಿಲ್ಲ. ಬಣ್ಣ ಬಳಿದದ್ದು, ಸಿಮೆಂಟು ಮೆತ್ತಿದ್ದು ಬೇಡ. ಚಿರೇಕಲ್ಲೂ ಆಗುತ್ತದೆ, ಮೈತುಂಬ ರಂಧ್ರವಿರುವ ಕಲ್ಲು ಅದು. ಆದರೆ ಮೆದುವಾದದ್ದು ಕರಗಿ ನೀರು ಕೆಂಪು ಮಾಡುತ್ತದೆ, ಗಟ್ಟಿ ಚೂರುಗಳನ್ನೇ ಆರಿಸಿ ಕೆಂಪು ಹೋಗುವ ತನಕ ತೊಳೆಯಬೇಕು. ತೊಳೆಯುವ ಆಸೆಯನ್ನೆಲ್ಲ ಅಲ್ಲಿ ತೀರಿಸಿಕೊಳ್ಳಿ, ಪೆಟ್ಟಿಗೆಗೆ ಹಾಕುವ ಮೊದಲು! ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜಾಲರಿಯೂ ನಡೆಯುತ್ತದೆ, ಸೋಪು ಸೇರಿಸದ ಹೊಸದಾದರೆ. ತೆಂಗಿನ ನಾರು ಮಾತ್ರ ಬೇಡ. ಬಣ್ಣ ಬಿಡುತ್ತದೆ, ಕಾಲಾಂತರದಲ್ಲಿ ಕೊಳೆಯುತ್ತದೆ.

ನಮ್ಮ ನೆಲದ ಇನ್ನೊಂದು ಸಂಗತಿಯನ್ನು ಹೊರಊರಿನ ಡಬ್ಬಿಗಳು ಹೇಳುವುದಿಲ್ಲ. ಚಿರೇಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ವಿಷ ಜೀರ್ಣಿಸುವ ಈ ಕೆಲಸ ನೀರಿನ ಕ್ಷಾರವನ್ನು ತಿನ್ನುತ್ತ ಹೋಗುತ್ತದೆ. ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕಕ್ಕೆ ಸುಮಾರು ಏಳು ಗ್ರಾಂ ಸುಣ್ಣದ ಕಲ್ಲಿನಷ್ಟು ಕ್ಷಾರ ಖರ್ಚು. ಮೊದಲೇ ಬಡ ನೀರು; ಅದು ಖಾಲಿಯಾದರೆ ನೀರು ಇನ್ನೂ ಹುಳಿಯಾಗಿ ಜೀವಿಗಳ ಕೆಲಸ ಕುಂಠಿತವಾಗುತ್ತದೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇದೇ ಆದಾಗ ಮದ್ದು ಸಿಕ್ಕಿದ್ದು ಕುಮಟೆಯ ನನ್ನ ಅಕ್ಕನ ಹಿತ್ತಿಲಿನಲ್ಲಿ. ಅವಳ ಮನೆಯಲ್ಲಿ ಬಳಚಿನ ಸುಕ್ಕ ಮಾಡಿದ ದಿನ ಚಿಪ್ಪುಗಳೆಲ್ಲ ತೆಂಗಿನ ಬುಡಕ್ಕೆ. ಅದರಲ್ಲಿ ಒಂದು ಹಿಡಿ ಆರಿಸಿ, ಕುದಿಸಿ, ಒಣಗಿಸಿ ತಂದು ಸ್ಪಂಜಿನ ಪಕ್ಕದಲ್ಲಿಟ್ಟೆ. ಚಿಪ್ಪು ಸಾವಕಾಶವಾಗಿ ಕರಗಿ ನೀರಿಗೆ ಬಲ ಕೊಟ್ಟಿತು. ಅಕ್ಕ ನಕ್ಕಳು: "ಎಂತದೇ ತಂಗಿ, ಸಾರಿಗೆ ಬರದ ಮೀನಿಗೆ ಇಷ್ಟು ಉಪಚಾರ?"

ಎಚ್ಚರಿಕೆಯೂ ಹೇಳಬೇಕು. ಸುಟ್ಟ ಚಿಪ್ಪು ಅಂದರೆ ಸುಣ್ಣ. ಅದನ್ನು ಹಾಕಿದರೆ ಮೀನು ಅಂದೇ ಸಾಯುತ್ತದೆ. ಅಮೋನಿಯಾ ತುಂಬಿದ ಪೆಟ್ಟಿಗೆಗೆ ಚಿಪ್ಪು ಸುರಿಯುವುದೂ ಅಪಾಯ. ಹುಳಿ ಕಡಿಮೆಯಾದಂತೆ ಅಮೋನಿಯಾದ ವಿಷ ಏರುತ್ತದೆ. ಮೊದಲು ನೀರು ಬದಲಿಸಿ, ಆಮೇಲೆ ಚಿಪ್ಪು ಇಡಿ. ಮೆದು ನೀರನ್ನೇ ಬಯಸುವ ಟೆಟ್ರಾದಂಥ ಮೀನಿಗೆ ಚಿಪ್ಪು ತೀರ ಸ್ವಲ್ಪ ಸಾಕು. ಗಪ್ಪಿ, ಮೋಲಿಗಳಿಗೆ ಇಷ್ಟವೇ.

ಅಂದು ಅಕ್ಕ ಮತ್ತು ನಾನು ಅಘನಾಶಿನಿಯ ಅಳಿವೆಯ ಕಡೆ ಹೋಗಿದ್ದೆವು. ಇಳಿತದ ಹೊತ್ತು. ಮೊಣಕಾಲ ಮಟ್ಟದ ನೀರಿನಲ್ಲಿ ಹೆಂಗಸರು ಸೀರೆ ಕಟ್ಟಿ ಬಳಚು ಹೆಕ್ಕುತ್ತಿದ್ದರು. ಅಣೆಕಟ್ಟು ಕಾಣದೆ ಸಮುದ್ರ ಸೇರುವ ಈ ಹೊಳೆಯ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಅಲ್ಲಿ ನೀರನ್ನು ಸೋಸುವವು ಈ ಚಿಪ್ಪಿಕಲ್ಲುಗಳು, ಜೀರ್ಣಿಸುವುದು ಕಾಂಡ್ಲಾ ಬುಡದ ಕಪ್ಪು ಕೆಸರು. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲೂ ಅದೇ ಕೆಸರು. ಮೂಗು ಮುಚ್ಚಿಕೊಂಡು ದಾಟುವ ಪ್ರವಾಸಿಗಳಿಗೆ ಅದು ಕೊಳಕು. ಆ ಕೊಳಕನ್ನು ಯಾರಾದರೂ ತಿಕ್ಕಿ ತೊಳೆದುಬಿಟ್ಟರೆ ಬಳಚೂ ಇಲ್ಲ, ಸೀಗಡಿಯೂ ಇಲ್ಲ, ಆ ಹೆಂಗಸರ ಸಂಜೆಯ ಅನ್ನವೂ ಇಲ್ಲ. ಪೆಟ್ಟಿಗೆಯೊಳಗಿನ ಸ್ಪಂಜು ಆ ಅಳಿವೆಯ ಒಂದು ಹಿಡಿ. (ಆದರೆ ಆ ಕೆಸರನ್ನೇ ತಂದು ಪೆಟ್ಟಿಗೆಗೆ ಹಾಕಬೇಡಿ, ಅದು ಉಪ್ಪುನೀರಿನ ಸಂಸಾರ.)

ಎರಡನೆಯ ಜಗಳ ನಮ್ಮ ಆತುರದ ಜೊತೆ. ಮೊಸರು ಒಂದು ರಾತ್ರಿಗೆ ಹೆಪ್ಪಾಗುತ್ತದೆ. ಈ ಜೀವಿಗಳು ನಿಧಾನಿಗಳು, ಒಂದು ಎರಡಾಗಲು ಅರ್ಧ ದಿನದಿಂದ ಒಂದು ದಿನ ಬೇಕು. ಹೊಸ ಪೆಟ್ಟಿಗೆ ಪಕ್ವವಾಗಲು ನಾಲ್ಕರಿಂದ ಆರು ವಾರ. ನಮ್ಮ ಸೆಕೆ ಅವುಗಳಿಗೆ ಹಿತ ಎನ್ನುವುದೊಂದು ಸಮಾಧಾನ. ಬೇಗ ಆಗಬೇಕೆಂದರೆ ಆರೋಗ್ಯದ ಮೀನುಗಳಿರುವ ಹಳೆಯ ಪೆಟ್ಟಿಗೆಯಿಂದ ಒಂದು ತುಂಡು ಸ್ಪಂಜು ಕೇಳಿ ತನ್ನಿ. ನೆರೆಮನೆಯಿಂದ ಹೆಪ್ಪು ತಂದವರಿಗೆ ಇದರಲ್ಲಿ ಸಂಕೋಚವೇನು? ಮೊದಲ ದಿನವೇ ಹತ್ತು ಮೀನು ಬಿಡಬೇಡಿ. ಎರಡು ಗಪ್ಪಿ ಬಿಡಿ, ಕಡಿಮೆ ಕಾಳು ಹಾಕಿ, ಕಾಯಿರಿ. ಸ್ಪಂಜು ಕಟ್ಟಿದರೆ ಪೆಟ್ಟಿಗೆಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಅದ್ದಿ ಹಿಂಡಿ, ಅಷ್ಟೇ. ಹಾಕುವ ಹೊಸ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದಿದ್ದರೆ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ತಾಸುಗಟ್ಟಲೆ ಬಾರದಿದ್ದರೆ ಒಂದು ಚೊಂಬಿನಿಂದ ನೀರೆತ್ತಿ ಮೇಲಿನಿಂದ ಹೊಯ್ಯುತ್ತಿರಿ. ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ಜೀವಿಗಳು ಬೇಗ ಉಸಿರುಗಟ್ಟುತ್ತವೆ. ನೀರಿನಲ್ಲೇ ತೆರೆದಿರುವ ಸ್ಪಂಜಿನಲ್ಲಿ ಹೆಚ್ಚು ಹೊತ್ತು ತಡೆಯುತ್ತವೆ. ನಮ್ಮ ಊರುಗಳಿಗೆ ಸ್ಪಂಜೇ ವಾಸಿ ಎನ್ನಲು ಇದೂ ಒಂದು ಕಾರಣ.

ಮೂರನೆಯ ಜಗಳ ದುಂಡು ಗಾಜಿನ ಬಟ್ಟಲಿನ ಜೊತೆ. ಹುಟ್ಟುಹಬ್ಬದ ಉಡುಗೊರೆಯೆಂದು ಒಂದು ಚಿನ್ನದ ಮೀನನ್ನು ಎರಡು ಲೀಟರ್ ನೀರಿನಲ್ಲಿ ಹಾಕಿ ಕೊಡುವುದಿದೆಯಲ್ಲ, ಅದು ಮಗುವಿಗೆ ಕೊಲ್ಲುವುದನ್ನು ಕಲಿಸುವ ಪಾಠ. ಚಿನ್ನದ ಮೀನು ಬೆಳೆದರೆ ಗೇಣುದ್ದವಾಗುವ ಜಾತಿ. ಇಟಲಿಯ ರೋಮ್ ನಗರದಲ್ಲಿ 2005ರಲ್ಲೇ ಈ ಬಟ್ಟಲನ್ನು ನಿಷೇಧಿಸಿದರು. ನಮಗೆ ಕಾನೂನು ಯಾಕೆ ಬೇಕು? ಕೊಳ್ಳದಿದ್ದರೆ ಸಾಕು.

"ಮೀನು ತಿನ್ನುವವರು ನೀವು, ನಿಮಗ್ಯಾಕೆ ಈ ಕರುಣೆ?" ಎಂದು ಕೇಳಿದವರಿದ್ದಾರೆ. ತಿನ್ನುತ್ತೇನೆ, ಮುಚ್ಚಿಡುವುದೇನು? ಆದರೆ ಹಸಿವೆಗೆ ಹಿಡಿದು ಕೊಲ್ಲುವುದು ಬೇರೆ, ಸಾಕುತ್ತೇನೆಂದು ಮನೆಗೆ ತಂದು ಅಜ್ಞಾನದಿಂದ ಕೊಲ್ಲುವುದು ಬೇರೆ. ಎರಡನೆಯದರಲ್ಲಿ ಕೊಟ್ಟ ಮಾತು ತಪ್ಪಿದಂತಾಗುತ್ತದೆ. ಇನ್ನು, ತೊಳೆಯುವ ಗುಣವನ್ನು ಬಿಡಿ ಎಂದೂ ನಾನು ಹೇಳುತ್ತಿಲ್ಲ. ದೋಸೆ ಹಿಟ್ಟು ಹುಳಿ ಬರಲು ಬಿಡುವವರು, ಹೆಪ್ಪನ್ನು ಅಜ್ಜಿಯ ಕಾಲದಿಂದ ಕಾಯ್ದುಕೊಂಡು ಬಂದವರು ನಾವು. ಯಾವುದು ಕೊಳೆ, ಯಾವುದು ಜೀವ ಎಂಬ ಭೇದ ನಮ್ಮ ಕೈಗೆ ಗೊತ್ತಿತ್ತು. ಅಡಿಗೆಮನೆಯಲ್ಲಿ ಗೊತ್ತಿದ್ದದ್ದನ್ನು ಜಗಲಿಗೆ ಬರುವಾಗ ಏಕೆ ಮರೆತೆವು? ಗಾಜಿನ ಪೆಟ್ಟಿಗೆ ಅಂಗಡಿಯಿಂದ ಬಂದ ಕಾರಣ ಬುದ್ಧಿಯೂ ಅಂಗಡಿಯಿಂದಲೇ ಬರಬೇಕೆಂದು ತಿಳಿದೆವು.

ಶಾಲೆಯ ಪೆಟ್ಟಿಗೆಯಲ್ಲಿ ಮುಂದಿನ ವರ್ಷ ಆರು ಮೀನು ಬಿಟ್ಟೆವು. ಸ್ಪಂಜು ಕಂದಾಗಿಯೇ ಇತ್ತು, ಗಾಜಿನ ಹಿಂಬದಿಗೆ ಪಾಚಿಯೂ ಇತ್ತು. ತಪಾಸಣೆಗೆ ಬಂದ ಸಾಹೇಬರು ಒಮ್ಮೆ "ಇದನ್ನು ತೊಳೆಸಬಾರದೇ?" ಎಂದರು. ತೊಳೆಸಬಾರದು ಸಾರ್ ಎಂದೆ. ಆ ಆರರಲ್ಲಿ ಐದು ಮುಂದಿನ ಮಳೆಗಾಲ ಕಂಡವು.

ಇಪ್ಪತ್ತು ರೂಪಾಯಿ ಕೊಟ್ಟ ಹುಡುಗಿ ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿದ್ದಳು. ಈಗ ಅವಳಿಗೂ ಮನೆ, ಮಕ್ಕಳು ಇರಬಹುದು. ಮಕ್ಕಳು ಮೀನು ಬೇಕೆಂದು ಹಟ ಹಿಡಿದಿರಲೂಬಹುದು. ಆಗ ಅವಳು ನನ್ನ ಮಾತನ್ನೇ ಅವರಿಗೆ ಹೇಳಿದರೆ ಎಂಬ ಅಂಜಿಕೆಯಿಂದ ಇಷ್ಟು ಬರೆದೆ. ಅವುಗಳ ಆಯುಷ್ಯ ಅಷ್ಟೇ ಆಗಿರಲಿಲ್ಲ ಮಗಾ. ನಾವು ತೊಳೆದದ್ದು ಹೆಚ್ಚಾಯಿತು.